ಕೂಡಿಟ್ಟ ಹೊನ್ನು

ಅರ್ಥಶಾಸ್ತ್ರದ ಗಾಳಿಯೂ ನನಗೆ ಸೋಕಿಲ್ಲ. ಎಂ.ಎ. ಓದಿದ್ದು ಕನ್ನಡ, ತಿಂಗಳ ಸಂಬಳ ಇಪ್ಪತ್ತನೆಯ ತಾರೀಖಿಗೇ ಕರಗಿಹೋಗುವುದೇಕೆಂಬುದು ಈವರೆಗೂ ನನಗೆ ಬಿಡಿಸಲಾಗದ ಒಗಟು. ಆದರೂ ಸಂದರ್ಭ ಸಿಕ್ಕಿದರೆ ಉಪದೇಶ ಮಾಡದೆ ಬಿಡುವ ಜಾತಿ ಅಧ್ಯಾಪಕರದಲ್ಲ.

ನನ್ನ ಅಕ್ಕನ ಮಗ ಕಂಪ್ಯೂಟರಿನಲ್ಲಿ ಒಂದು ಆಟವಾಡುತ್ತಾನೆ. ಲೋಕದ ನಾನಾ ಮೂಲೆಗಳವರು ಕೂಡಿ ಆಡುವ ಆಟ. ರಾಕ್ಷಸರನ್ನು ಕೊಂದರೆ ಹೊನ್ನು. ಹೊನ್ನಿನಿಂದ ಕತ್ತಿ, ಕವಚ. ಬೇಸಗೆಯ ರಜೆಯಲ್ಲಿ, ಸಿಕ್ಕಿದ್ದನ್ನೆಲ್ಲ ಅವನು ಅಂದೇ ಖರ್ಚು ಮಾಡುವುದನ್ನು ಕಂಡು, "ಕೂಡಿಡೋ, ಒಳ್ಳೆಯ ಕತ್ತಿಯನ್ನೇ ಕೊಳ್ಳುವೆಯಂತೆ" ಎಂದೆ. ಹುಡುಗ ನಂಬಿದ. ದಸರೆಯ ವೇಳೆಗೆ ಕತ್ತಿಯ ಬೇಸಗೆಯ ಬೆಲೆಯಷ್ಟು ಹೊನ್ನು ಸೇರಿತು. ಅಷ್ಟರಲ್ಲಿ ಬೆಲೆ ಇಮ್ಮಡಿಯಾಗಿತ್ತು. "ಮಾವ, ನೀವೇ ಅಲ್ಲವೇ ಕೂಡಿಡು ಎಂದದ್ದು?" ಎಂದ. ಕಣ್ಣಲ್ಲಿ ನೀರಿತ್ತು.

ಉತ್ತರ ಹುಡುಕುತ್ತ ನಾನೂ ಇಂಥ ಆಟಗಳ ಚರಿತ್ರೆಯನ್ನು ಓದಿದೆ. ಮರ್ಮ ಸರಳವಾದುದು. ರಾಕ್ಷಸ ಸತ್ತಾಗಲೆಲ್ಲ ಶೂನ್ಯದಿಂದ ನಾಣ್ಯ ಹುಟ್ಟುತ್ತದೆ. ಅವರೋ ರಕ್ತಬೀಜಾಸುರನ ಸಂತತಿ, ಸತ್ತಷ್ಟೂ ಮತ್ತೆ ಏಳುತ್ತಾರೆ. ಕೆರೆಗೆ ಬರುವ ಕಾಲುವೆಗಳು ಹಲವು, ಹೊರಗೆ ಹೋಗುವ ತೂಬು ಕಿರಿದು. 2000ರಲ್ಲಿ ಬಂದ 'ಡಯಾಬ್ಲೊ 2' ಆಟದಲ್ಲಿ ಹೊನ್ನಿಗೆ ಬೆಲೆಯೇ ಇಲ್ಲದಂತಾಗಿ, ಆಟಗಾರರು 'ಸ್ಟೋನ್ ಆಫ್ ಜೋರ್ಡನ್' ಎಂಬ ಉಂಗುರವನ್ನೇ ನಾಣ್ಯವಾಗಿ ಬಳಸಿದರು. ಕಳ್ಳದಾರಿಯಿಂದ ಅದರ ನಕಲುಗಳೂ ಹುಟ್ಟಿಕೊಂಡವು. 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್'ನಲ್ಲಿ ಒಂದು ರಾಶಿಗೆ 2,147,483,647ಕ್ಕಿಂತ ಹೆಚ್ಚು ನಾಣ್ಯ ಹಿಡಿಯದು. ಕೆಲವು ಅಪೂರ್ವ ವಸ್ತುಗಳ ಬೆಲೆ ಆ ಮೇರೆಯನ್ನೂ ದಾಟಿತು. ಅಲ್ಲಿ 2021ರ ಡಿಸೆಂಬರಿನಲ್ಲಿ ಮಾರಾಟದ ಮೇಲೆ ನೂರಕ್ಕೆ 1ರಂತೆ ಸುಂಕ ಹಾಕಿದರು; 2025ರಲ್ಲಿ ಅದು 2 ಆಯಿತು. ಆ ಹೊನ್ನಿನಲ್ಲಿ ಒಂದು ಪಾಲು ಯಾರ ಬೊಕ್ಕಸಕ್ಕೂ ಸೇರದೆ ಇಲ್ಲವಾಗುತ್ತದೆ. ತೂಬನ್ನು ಅಗಲಿಸುವ ಉಪಾಯವದು.

ಪೆಟ್ಟು ಬೀಳುವುದು ಹೊಸಬನಿಗೆ. ಅವನು ಕೊಲ್ಲುವ ಸಣ್ಣ ರಾಕ್ಷಸ ಕೊಡುವುದು ಹಿಂದಿನಷ್ಟೇ ಹೊನ್ನು. ಪೇಟೆಯಲ್ಲಿ ಬೆಲೆ ಏರಿಸುವವರು ದೊಡ್ಡ ರಾಕ್ಷಸರನ್ನು ಕೊಂದು ರಾಶಿ ಹಾಕಿದ ಹಳಬರು.

ಇದನ್ನು ಓದುವಾಗ ಅಮ್ಮ ನೆನಪಾದಳು. ಅಕ್ಕನ ಮದುವೆಗೆಂದು ಸಾಸಿವೆ ಡಬ್ಬಿಯಲ್ಲಿ ವರ್ಷಗಟ್ಟಲೆ ನೋಟು ಕೂಡಿಟ್ಟವಳು. ಎರಡು ಜೊತೆ ಬಳೆಯ ಹಣವೆಂದು ಎಣಿಸಿಕೊಂಡು ಅಂಗಡಿಗೆ ಹೋದರೆ ಒಂದೇ ಜೊತೆಗೆ ಸಾಲಿತು. "ನಾನೇ ಸರಿಯಾಗಿ ಉಳಿಸಲಿಲ್ಲ" ಎಂದು ದಾರಿಯುದ್ದಕ್ಕೂ ಹಲುಬಿದಳು. ಜೊತೆಯಲ್ಲಿದ್ದ ನನಗೆ ಅಂದು ಏನು ಹೇಳಬೇಕೆಂದು ತಿಳಿದಿರಲಿಲ್ಲ.

ಅಂದು ಅವಳಿಗೆ ಹೇಳಬೇಕಾಗಿದ್ದುದನ್ನು ಹುಡುಗನಿಗೆ ಹೇಳಿದೆ: "ತಪ್ಪು ನಿನ್ನದಲ್ಲ ಕಣೋ. ಕೂಡಿಡು ಎಂದವನು ನಾನು. ಯಾವುದನ್ನು ಕೂಡಿಡಬೇಕೆಂದು ಹೇಳಲಿಲ್ಲ."

ಅವನು ಕಣ್ಣೊರೆಸಿಕೊಂಡ. "ಹಾಗಾದರೆ ಯಾವುದನ್ನು, ಮಾವ?"

ಅಂದು ತಾರೀಖು ಇಪ್ಪತ್ತೆರಡು. ಕಾಫಿ ತಂದಿಟ್ಟ ಅಕ್ಕನ ಕೈಯಲ್ಲಿ ಅದೇ ಬಳೆಗಳಿದ್ದವು. ಅವುಗಳನ್ನು ನೋಡಿ ಸುಮ್ಮನೆ ಲೋಟ ಎತ್ತಿಕೊಂಡೆ.