ಒಡಕು ದನಿಯ ಬೆಲೆ

ಎಲೆಕ್ಟ್ರಿಕ್ ಗಿಟಾರ್ ಕಲಿಯುವ ಮಕ್ಕಳಿರುವ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಜಗಳ ಆಗಿಯೇ ತೀರುತ್ತದೆ. ಗಿಟಾರ್ ಕೊಡಿಸಿದ್ದಾಯಿತು, ಆಂಪ್ಲಿಫೈಯರ್ ಕೊಡಿಸಿದ್ದಾಯಿತು, ಈಗ ಕಾಲಲ್ಲಿ ತುಳಿಯುವ ಪುಟ್ಟ ಪೆಟ್ಟಿಗೆಯೊಂದು ಬೇಕಂತೆ. ಅದು ಮಾಡುವ ಕೆಲಸವಾದರೂ ಏನು? ಸೊಗಸಾಗಿ ಬರುತ್ತಿದ್ದ ದನಿಯನ್ನು ಒಡೆಯುವುದು! ಅದರಲ್ಲೂ ಹಳೆಯ ಕಾಲದ್ದೇ ಆಗಬೇಕಂತೆ. ಅದೇ ಹೆಸರಿನಲ್ಲಿ ಮರಳಿ ಬಂದಿರುವ ಹೊಸದು ಬೇಡವಂತೆ. ದುಡ್ಡು ಕೊಟ್ಟು ಸ್ವರ ಕೆಡಿಸಿಕೊಳ್ಳುವವರೂ ಉಂಟೇ ಎಂದು ಅಪ್ಪ ಕೇಳುತ್ತಾರೆ. ಅಪ್ಪನ ಪ್ರಶ್ನೆ ತಪ್ಪಲ್ಲ. ಮಕ್ಕಳ ಆಸೆಯೂ ತಪ್ಪಲ್ಲ.

ಈ ಒಡಕು ದನಿ ಪೆಟ್ಟಿಗೆಯೊಳಗೆ ಸೇರಿದ್ದೇ ಒಂದು ಕೆಟ್ಟ ಯಂತ್ರದ ದೆಸೆಯಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನಡೆದಾಗ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರಿನ ಸದ್ದು ಮಿಕ್ಸಿಂಗ್ ಯಂತ್ರದ ದೋಷದಿಂದ ಗೊರಗೊರ ಎಂದಿತು. ಅಳಿಸಿ ಮತ್ತೆ ನುಡಿಸಬಹುದಿತ್ತು. ಹಾಗೆ ಮಾಡದೆ ಆ ಸದ್ದನ್ನು ಹಾಡಿನಲ್ಲೇ ಉಳಿಸಿದರು. 1961ರಲ್ಲಿ ಹಾಡು ಜನಪ್ರಿಯವಾಯಿತು. ಎಂಜಿನಿಯರ್ ಗ್ಲೆನ್ ಸ್ನೋಡಿ ಅದೇ ದೋಷವನ್ನು ಟ್ರಾನ್ಸಿಸ್ಟರುಗಳಿಂದ ಬೇಕೆಂದಾಗ ಬರಿಸುವ ಉಪಾಯ ಕಂಡುಕೊಂಡರು. 1962ರಲ್ಲಿ ಗಿಬ್ಸನ್ ಕಂಪೆನಿ ಅದನ್ನು ‘ಮೇಸ್ಟ್ರೋ ಫಜ್-ಟೋನ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಅಂಗಡಿಗಳಲ್ಲಿ ಪೆಟ್ಟಿಗೆ ಸಿಗುವುದೇ ಕಷ್ಟವಾಯಿತು.

ಪೆಟ್ಟಿಗೆಯ ಕೆಲಸ ಸರಳ. ತಂತಿಯ ಕಂಪನ ವಿದ್ಯುತ್ತಿನ ಅಲೆಯಾಗಿ ಒಳಗೆ ಬರುತ್ತದೆ. ಅದನ್ನು ಮಿತಿಮೀರಿ ಹಿಗ್ಗಿಸಿ ಅಲೆಯ ತುದಿಗಳನ್ನು ಕತ್ತರಿಸಲಾಗುತ್ತದೆ. ಚಪ್ಪಟೆಯಾಗಿ ಕತ್ತರಿಸಿದರೆ ಒರಟು ಸದ್ದು, ಅದು ಡಿಸ್ಟಾರ್ಷನ್; ನಯವಾಗಿ ದುಂಡಗಾಗಿಸಿದರೆ ಓವರ್‌ಡ್ರೈವ್. ಆಗ ಮೂಲಸ್ವರದ ಜೊತೆಗೆ ಮೇಲ್ಸ್ವರಗಳೂ ಹುಟ್ಟಿ ನಾದ ತುಂಬಿಕೊಳ್ಳುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಇವಕ್ಕೆ ಹಾರ್ಮೋನಿಕ್ಸ್ ಎಂಬ ಹೆಸರಿದೆ. ತಂಬೂರಿಯ ತಂತಿಯ ಕೆಳಗೆ ನೂಲಿನ ಎಳೆ ಸಿಕ್ಕಿಸಿ ನಾದಕ್ಕೆ ಜೀವ ತುಂಬುವುದನ್ನು ಕಂಡವರಿಗೆ ಈ ಆಸೆ ಹೊಸದಲ್ಲ. ದಾರಿ ಬೇರೆ, ಅಷ್ಟೆ. ಬರಿಯ ಸ್ವರ ಸಾಲದು, ಅದು ಝೇಂಕರಿಸಬೇಕು.

ಇನ್ನು ಬೆಲೆಯ ಮಾತು. ಜಪಾನಿನ ಐಬಾನೆಜ್ ಹೆಸರಿನಲ್ಲಿ 1979ರಲ್ಲಿ ಬಂದ ಹಸಿರು ಬಣ್ಣದ ‘ಟ್ಯೂಬ್ ಸ್ಕ್ರೀಮರ್’ ಟಿಎಸ್808 ಕೆಲವೇ ವರ್ಷ ತಯಾರಾಯಿತು. 1982ರಲ್ಲಿ ಅದರ ಜಾಗಕ್ಕೆ ಟಿಎಸ್9 ಬಂತು. ಮುಂದೆ ಅದೂ ನಿಂತಿತು. ಟೆಕ್ಸಾಸಿನ ಬ್ಲೂಸ್ ವಾದಕ ಸ್ಟೀವಿ ರೇ ವಾನ್ ಈ ಪೆಟ್ಟಿಗೆಗಳನ್ನು ನೆಚ್ಚಿಕೊಂಡಿದ್ದರು. 1990ರಲ್ಲಿ ಅವರು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅವರ ದನಿಯನ್ನು ಬೆನ್ನುಹತ್ತಿದವರು ಹಳೆಯ ಪೆಟ್ಟಿಗೆಗಳಿಗೆ ಮುಗಿಬಿದ್ದರು. ಕಂಪೆನಿ 1990ರ ದಶಕದಲ್ಲಿ ಟಿಎಸ್9ನ್ನೂ 2004ರಲ್ಲಿ ಟಿಎಸ್808ನ್ನೂ ಮರಳಿ ತಂದಿತು. ಆದರೂ ಹಳೆಯ ಟಿಎಸ್808ಕ್ಕೆ ಇಂದಿಗೂ ಹೊಸದರ ಹಲವು ಪಟ್ಟು ಬೆಲೆ.

ಹಾಗಾದರೆ ಹಳೆಯದರೊಳಗೆ ಅಂಥದ್ದೇನಿದೆ? ಎಲ್ಲರೂ ಹೊಗಳುವುದು ಜೆಆರ್‌ಸಿ 4558 ಎಂಬ ಚಿಪ್ಪನ್ನು. ಅದು ಎಷ್ಟೋ ಸಾಧಾರಣ ಧ್ವನಿ ಉಪಕರಣಗಳಲ್ಲಿ ಇದ್ದ ಅಗ್ಗದ ಭಾಗ. ಟಿಎಸ್808ಕ್ಕೂ ಟಿಎಸ್9ಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ದನಿ ಹೊರಹೋಗುವ ಕಡೆಯ ಎರಡು ರೆಸಿಸ್ಟರುಗಳು. ಮೊದಲಿನದರಲ್ಲಿ 100 ಓಮ್ ಮತ್ತು 10 ಕಿಲೋ ಓಮ್. ಎರಡನೆಯದರಲ್ಲಿ 470 ಓಮ್ ಮತ್ತು 100 ಕಿಲೋ ಓಮ್. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸಾಮಾನು.

ಹಾಗೆಂದು ಹಳೆಯದರ ಮಾತೆಲ್ಲ ಭ್ರಮೆ ಎನ್ನುವಂತಿಲ್ಲ. 1966ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ, ಜಿಮಿ ಹೆಂಡ್ರಿಕ್ಸ್ ಬಳಸಿದ ‘ಫಜ್ ಫೇಸ್’ ಪೆಟ್ಟಿಗೆಯಲ್ಲಿ ಮೊದಮೊದಲು ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಸೆಕೆ ಹೆಚ್ಚಿದರೆ ದನಿಯೂ ಬದಲಾಗುತ್ತಿತ್ತು. ಒಂದು ಪೆಟ್ಟಿಗೆ ಅದ್ಭುತ, ಪಕ್ಕದ್ದು ಸಪ್ಪೆ. ಅಂದರೆ ಆರಿಸಿ ತಂದ ಹಳೆಯದು ನಿಜಕ್ಕೂ ಚೆನ್ನಾಗಿರಬಹುದು; ಹಳೆಯದು ಎಂಬ ಒಂದೇ ಕಾರಣಕ್ಕೆ ಚೆನ್ನಾಗಿರಲಾರದು.

ಆದ್ದರಿಂದ ಅಪ್ಪ ಅಮ್ಮ ಬೇಡ ಎನ್ನುವ ಮೊದಲು, ಮಕ್ಕಳು ಹಟ ಹಿಡಿಯುವ ಮೊದಲು, ಒಂದು ಪರೀಕ್ಷೆ ಮಾಡಬಹುದು. ಗೆಳೆಯರಿಂದ ಎರಡು ಮೂರು ಪೆಟ್ಟಿಗೆ ತಂದು, ಯಾವುದು ಎಂದು ಹೇಳದೆ ಒಬ್ಬರು ಬದಲಾಯಿಸಲಿ, ಇನ್ನೊಬ್ಬರು ಕಣ್ಣು ಮುಚ್ಚಿ ಕೇಳಲಿ. ಕಿವಿಗೆ ತಿಳಿಯದ ವ್ಯತ್ಯಾಸಕ್ಕೆ ಸಾಲ ಮಾಡುವುದು ಬೇಡ. ಬೆಸುಗೆ ಹಾಕಲು ಬರುವ ವಿದ್ಯಾರ್ಥಿಯಾದರೆ ತಾನೇ ಒಂದನ್ನು ಕಟ್ಟಿಕೊಳ್ಳಬಹುದು. 9 ವೋಲ್ಟಿನ ಬ್ಯಾಟರಿ ಸಾಕು.

ಇನ್ನೊಂದು ಮಾತು. ವಾನ್ ತಮ್ಮ ಗಿಟಾರಿಗೆ ಉಳಿದವರು ಹಾಕುವುದಕ್ಕಿಂತ ದಪ್ಪನೆಯ ತಂತಿ ಬಿಗಿಯುತ್ತಿದ್ದರು. ಆ ತಂತಿಯನ್ನು ಬಗ್ಗಿಸಿದ ಬೆರಳಿನ ಬಲವನ್ನು ಯಾವ ಕಂಪೆನಿಯೂ ಮರುತಯಾರಿ ಮಾಡಿಲ್ಲ. ಅದನ್ನು ದಿನವೂ ಕೋಣೆಯಲ್ಲಿ ಕೂತು ಸಂಪಾದಿಸಬೇಕು. ಅಷ್ಟು ಹೊತ್ತೂ ಆ ಗೊರಗೊರವನ್ನು ಸಹಿಸಿಕೊಳ್ಳುವುದು ಮಾತ್ರ ಮನೆಯವರ ಪಾಲಿನ ಖರ್ಚು.