ಕಿತ್ತಯ್ಯನ ಮುಂದೆ ನನ್ನ ಫ್ಲೆಕ್ಸು

ಬೆಂಗಳೂರಿನಲ್ಲಿ ಪುಸ್ತಕ ಬಿಡುಗಡೆಗೆ ಜಾಗದ ಬರವಿಲ್ಲ. ನಯನ ಸಭಾಂಗಣ ಇದೆ, ಗಾಂಧಿ ಭವನ ಇದೆ. ನನ್ನವಳಂತೂ, “ಇಲ್ಲೇ ಆರ್.ಟಿ. ನಗರದಲ್ಲಿ ಒಂದು ಪಾರ್ಟಿ ಹಾಲ್ ಹಿಡೀರಿ. ಲಿಫ್ಟ್ ಇರುತ್ತೆ, ಬಾತ್‌ರೂಮ್ ಇರುತ್ತೆ” ಎಂದಳು. ಸ್ವಂತ ದುಡ್ಡು ಸುರಿದು ಅಚ್ಚು ಹಾಕಿಸಿದ ಮೊದಲ ಕವನ ಸಂಕಲನ, ಹುಟ್ಟುಹಬ್ಬದ ಬಲೂನು ಕಟ್ಟಿದ ಹಾಲ್‌ನಲ್ಲಿ ಬಿಡುಗಡೆಯಾಗುವುದೇ? ನನಗೆ ಇತಿಹಾಸ ಬೇಕಿತ್ತು.

ಮೇಖ್ರಿ ಸರ್ಕಲ್ ಹತ್ತಿರದ ಕೆಂಪೇಗೌಡ ಗೋಪುರ ಮೊದಲು ಹೊಳೆಯಿತು. ಅದು ಎಲ್ಲರಿಗೂ ಗೊತ್ತಿರುವುದೇ ಎಂದು ಬಿಟ್ಟೆ. ಕೊನೆಗೆ ಸಿಕ್ಕವನು ಹೆಬ್ಬಾಳದ ಕಿತ್ತಯ್ಯ. 2018ರಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆದಾಗ ಬೆಳಕಿಗೆ ಬಂದ ವೀರಗಲ್ಲು ಅವನದು. ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲ. ಶತ್ರುಗಳು ನಾಡಿನ ಮೇಲೆ ಬಿದ್ದಾಗ ಕಾದಾಡಿ ಸತ್ತ ಕಿತ್ತಯ್ಯನಿಗೆ ನಿಲ್ಲಿಸಿದ ಕಲ್ಲು. ‘ಬೆಂಗಳೂರು’ ಎಂಬ ಹೆಸರಿರುವ ಬೇಗೂರಿನ ಶಾಸನಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯದು. ಆಸಕ್ತರು ದುಡ್ಡು ಕೂಡಿಸಿ ಅದಕ್ಕೊಂದು ಮಂಟಪ ಕಟ್ಟಿಸಿದ್ದಾರೆ. ಅದರ ಮುಂದೆ ನಿಂತ ನನ್ನ ಫೋಟೋ ಹೇಗೆ ಬಂದೀತು ಎಂದು ಲೆಕ್ಕ ಹಾಕಿದ ತಕ್ಷಣ ಜಾಗ ಗೊತ್ತಾಯಿತು. ಆ ಬೀದಿಯವರನ್ನು ಒಂದು ಮಾತು ಕೇಳಬೇಕು ಅನ್ನುವುದು ಮಾತ್ರ ತಲೆಗೆ ಬರಲಿಲ್ಲ.

ತಾರೀಕು 2025ರ ಫೆಬ್ರವರಿ 8, ಶನಿವಾರ. ಊಟಕ್ಕೆ ಮುದ್ದೆ, ನಾಟಿಕೋಳಿ ಸಾರು ಹೇಳಲು ಹೋದರೆ ಮೆಸ್ಸಿನವರು ನನ್ನನ್ನೇ ದಿಟ್ಟಿಸಿದರು. “ಏರ್ ಶೋ ಇದೆಯಲ್ಲ ಸಾರ್, ಹದಿನೇಳರವರೆಗೂ ಕೋಳಿ ಇಲ್ಲ.” ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸ ಮಾರುವ ಹಾಗಿಲ್ಲ, ಬಡಿಸುವ ಹಾಗೂ ಇಲ್ಲ. ಎಸೆದ ಮಾಂಸಕ್ಕೆ ಹದ್ದುಗಳು ಮುತ್ತುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಗತಿಯೇನು? ಮುದ್ದೆಗೆ ಬಸ್ಸಾರು ಎಂದು ಒಪ್ಪಿಕೊಂಡು ಬಂದೆ. ಕೋಳಿ ಹೋದದ್ದಕ್ಕೆ ಮರುಗಿದೆನೇ ಹೊರತು, ಏರ್ ಶೋ ಎಂದರೆ ವಿಮಾನ, ವಿಮಾನ ಎಂದರೆ ಸದ್ದು ಅನ್ನುವಷ್ಟು ದೂರ ಬುದ್ಧಿ ಓಡಲಿಲ್ಲ.

ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಬಿಸಿಲು ನೆತ್ತಿ ಸುಡುತ್ತಿತ್ತು. ಬಾಡಿಗೆ ಕುರ್ಚಿಗಳು ಅರ್ಧ ರಸ್ತೆ ಹಿಡಿದಿದ್ದವು. ಹಾಲಿನ ಗಾಡಿ ಬಂದಾಗಲೆಲ್ಲ ಸಾಹಿತ್ಯಾಸಕ್ತರು ಕುರ್ಚಿ ಎತ್ತಿಕೊಂಡು ಗೋಡೆಗೆ ಅಂಟುತ್ತಿದ್ದರು. ನನ್ನ ಮುಖವಿದ್ದ ಫ್ಲೆಕ್ಸನ್ನು ನಾನೇ ನಿಂತು ಮಂಟಪದ ಕಂಬಗಳಿಗೆ ಬಿಗಿಸಿದ್ದೆ. ಪಕ್ಕದ ಮನೆಯ ಹುಡುಗನೊಬ್ಬ, ಹದಿನೆಂಟೋ ಹತ್ತೊಂಬತ್ತೋ ಇರಬೇಕು, ಹತ್ತಿರ ಬಂದು ಬಹಳ ಮರ್ಯಾದೆಯಿಂದ, “ಸಾರ್, ನಿಮ್ಮ ಫೋಟೋ ಕಲ್ಲಿಗೆ ಅಡ್ಡ ಬಂದ್ಬಿಟ್ಟಿದೆ. ಸ್ವಲ್ಪ ಆಚೆ ಕಟ್ಟಲಾ?” ಎಂದ. ಅವನು ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಗಂಟು ಬಿಚ್ಚಲು ಕೈ ಜೋಡಿಸಿದೆ. ನೈಲಾನ್ ಹಗ್ಗ ಬಿಗಿದುಕೊಂಡು ಬಿಚ್ಚಲೇ ಇಲ್ಲ. ಬಂದವರೆಲ್ಲ ನೋಡುತ್ತ ಕೂತಿದ್ದರು. ಕೊನೆಗೆ ಅವನು ಮನೆಯಿಂದ ಈಳಿಗೆಮಣೆಯನ್ನೇ ಹೊತ್ತು ತಂದು ಹಗ್ಗ ಕೊಯ್ದ.

ಮುಖ್ಯ ಅತಿಥಿಗಳು ನನ್ನ ಕಾಲೇಜಿನ ಮೇಷ್ಟ್ರು. ಎಂಬತ್ತು ದಾಟಿದ್ದಾರೆ, ಸಕ್ಕರೆ ಕಾಯಿಲೆ. ಬಂದು ಕೂತ ಸ್ವಲ್ಪ ಹೊತ್ತಿಗೇ ನನ್ನ ಕಿವಿಯ ಹತ್ತಿರ ಬಗ್ಗಿ, “ಒಂದಕ್ಕೆ ಎಲ್ಲಿ ಹೋಗೋದಯ್ಯಾ?” ಎಂದರು. ನಾನು ಆ ಕಡೆ ಈ ಕಡೆ ನೋಡಿದೆ. ಎದುರು ಮನೆಯ ಅಜ್ಜಿ ಗೇಟಿನಿಂದಲೇ ಅರ್ಥ ಮಾಡಿಕೊಂಡು, “ಬನ್ನಿ ಸ್ವಾಮಿ, ಒಳಗೆ ಬನ್ನಿ” ಎಂದು ಕರೆದರು. ಆಮೇಲೆ ನಮ್ಮ ಕವಿಗೋಷ್ಠಿ ಪೂರ್ತಿ ಒಬ್ಬೊಬ್ಬರಾಗಿ ಆ ಮನೆಗೆ ಹೋಗಿ ಬಂತು. ಅಜ್ಜಿ ಎಲ್ಲರಿಗೂ ನೀರು ಕೊಟ್ಟರು. ನಾನು ಆಮಂತ್ರಣ ಪತ್ರಿಕೆಗೆ ದಪ್ಪ ಕಾಗದ ಹುಡುಕಿಕೊಂಡು ಅವೆನ್ಯೂ ರಸ್ತೆ ಸುತ್ತಿದವನು. ಕರೆದ ಹಿರಿಯರು ಎಲ್ಲಿ ಕೂರುತ್ತಾರೆ, ಎಲ್ಲಿಗೆ ಎದ್ದು ಹೋಗುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮೇಷ್ಟ್ರು ಪುಸ್ತಕ ಬಿಚ್ಚಿ ಮೊದಲ ಕವಿತೆಗೆ ಬಂದರು ನೋಡಿ, ತಾಲೀಮಿನ ಜೆಟ್‌ಗಳು ತಲೆ ಮೇಲೆ ಹಾದವು. ಮೈಕು ಬಿಡಿ, ಪಕ್ಕದವರ ಮಾತೂ ಕೇಳಿಸಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದರು, ಆಕಾಶಕ್ಕೆ. ಸಭಿಕರೂ ಮೊಬೈಲ್ ಎತ್ತಿದರು, ಅವರೂ ಆಕಾಶಕ್ಕೇ. ಸದ್ದು ಇಳಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಸುತ್ತು.

ಮೇಷ್ಟ್ರು ಪುಸ್ತಕ ಮುಚ್ಚಿ ಕುರ್ಚಿ ಮೇಲಿಟ್ಟು, ಕೋಲೂರಿಕೊಂಡು ಕಲ್ಲಿನ ಹತ್ತಿರ ಹೋದರು. ಹಳಗನ್ನಡ ಪಾಠ ಮಾಡಿದವರು. ಸದ್ದಿಲ್ಲದ ಎಡೆಯಲ್ಲಿ ಒಂದೊಂದೇ ಅಕ್ಷರ ತೋರಿಸಿ ಬೀದಿಯ ಮಕ್ಕಳಿಗೆ ಕಿತ್ತಯ್ಯನ ಕಥೆ ಹೇಳಿದರು. ಈಳಿಗೆಮಣೆಯ ಹುಡುಗನಿಗೆ ಅದರಲ್ಲಿ ಬಹುಪಾಲು ಆಗಲೇ ಗೊತ್ತಿತ್ತು, ನಡುವೆ ಸೇರಿಸುತ್ತಿದ್ದ. ಊರ ದೇವರ ಜಾತ್ರೆಯಲ್ಲಿ ಸ್ವಂತ ಮದುವೆ ಇಟ್ಟುಕೊಂಡ ಗಂಡಿನ ಹಾಗೆ ನಾನು ಒಂದು ಬದಿಗೆ ನಿಂತಿದ್ದೆ. ನಿಜ ಹೇಳಬೇಕೆಂದರೆ, ಆ ಕಾಲು ಗಂಟೆಯೇ ಇಡೀ ಕಾರ್ಯಕ್ರಮದಲ್ಲಿ ಚೆನ್ನಾಗಿದ್ದದ್ದು.

ಅಂಥ ಜಾಗಗಳಲ್ಲಿ ಸಭೆ ಮಾಡಲೇಬಾರದೆಂದು ನಾನು ಹೇಳುವುದಿಲ್ಲ. ಹತ್ತು ಜನ, ಬೆಳಗಿನ ಹೊತ್ತು, ಬೀದಿಯವರ ಒಪ್ಪಿಗೆ, ಮಾತು ಆ ಕಲ್ಲಿನ ಬಗ್ಗೆಯೇ ಇರಲಿ. ಮೈಕು ಬೇಡ, ಫ್ಲೆಕ್ಸಂತೂ ಬೇಡವೇ ಬೇಡ.

ಉಳಿದ ಪ್ರತಿಗಳ ಕಟ್ಟು ಮಂಚದ ಕೆಳಗಿದೆ. ಮೇಷ್ಟ್ರು ಆಗಾಗ ಫೋನ್ ಮಾಡುತ್ತಿರುತ್ತಾರೆ. ಕವಿತೆಗಳ ವಿಷಯ ಇನ್ನೂ ಎತ್ತಿಲ್ಲ, ಆ ಹುಡುಗ ಹಳಗನ್ನಡ ಕಲಿಯಲು ಬರುತ್ತಾನಾ ಕೇಳು ಅಂತಾರೆ.