ಎರಡು ಸೆಕೆಂಡಿನ ನಂಬಿಕೆ

ಮನುಷ್ಯನ ಕೈ ಎಷ್ಟು ಚುರುಕು ಎಂಬ ಪ್ರಶ್ನೆಗೆ ಕಂಪ್ಯೂಟರ್ ಲೋಕ ಒಮ್ಮೆ ಉತ್ತರ ಕಂಡುಕೊಂಡಿತ್ತು: ಎರಡು ಸೆಕೆಂಡು. ಇದು ಮೈಕ್ರೋಸಾಫ್ಟಿನ ರೇಮಂಡ್ ಚೆನ್ ಹೇಳಿದ ಕಥೆ. ಎಂಎಸ್-ಡಾಸ್ 2.0 ಎಂಬ ಕಾರ್ಯಾಚರಣ ವ್ಯವಸ್ಥೆ ತಯಾರಾಗುತ್ತಿದ್ದಾಗ ಅದರ ಹೊಣೆ ಹೊತ್ತಿದ್ದ ಮಾರ್ಕ್ ಜ್ಬಿಕೋವ್‌ಸ್ಕಿ ಸ್ಟಾಪ್‌ವಾಚ್ ಹಿಡಿದು ಕೂತರಂತೆ. ಆರನ್ ರೆನಾಲ್ಡ್ಸ್ ಮತ್ತು ಕ್ರಿಸ್ ಪೀಟರ್ಸ್ ಐಬಿಎಂ ಪಿಸಿಯ ಬಾಯಿಂದ ಒಂದು ಫ್ಲಾಪಿ ಎಳೆದು ಇನ್ನೊಂದನ್ನು ತುರುಕುವ ಪಂದ್ಯಕ್ಕೆ ಇಳಿದರಂತೆ. ಎಷ್ಟು ಅವಸರ ಮಾಡಿದರೂ ಎರಡು ಸೆಕೆಂಡಿನೊಳಗೆ ಆಗಲಿಲ್ಲ. ಅದೇ ಕಾನೂನಾಯಿತು. ಫ್ಲಾಪಿಯನ್ನು ಮುಟ್ಟಿ ಎರಡು ಸೆಕೆಂಡು ಆಗಿಲ್ಲವೋ, ಒಳಗಿರುವುದು ಹಳೆಯದೇ ಎಂದು ನಂಬು. ಆಗಿದೆಯೋ, ಅನುಮಾನಪಡು.

ಆ ಪಂದ್ಯವನ್ನು ನಮ್ಮೂರು ಮರ್ಕಂಜದಲ್ಲಿ ಇಟ್ಟಿದ್ದರೆ ಸ್ಟಾಪ್‌ವಾಚಿನ ಬದಲು ಕ್ಯಾಲೆಂಡರ್ ಬೇಕಾಗುತ್ತಿತ್ತು. ನಮ್ಮಲ್ಲಿ ಫ್ಲಾಪಿ ಬದಲಾಯಿಸುವುದೆಂದರೆ ಬಸ್ಸು ಹತ್ತುವ ಕೆಲಸ. ಜಾತ್ರೆಯ ಆಮಂತ್ರಣ, ಯಕ್ಷಗಾನದ ಕರಪತ್ರ, ಮದುವೆ ಕಾಗದ, ಎಲ್ಲವೂ ಸುಳ್ಯದ ಡಿಟಿಪಿ ಅಂಗಡಿಯಲ್ಲಿ ಟೈಪಾಗಿ, ಫ್ಲಾಪಿಯಲ್ಲಿ ಪುತ್ತೂರಿನ ಪ್ರೆಸ್ಸಿಗೆ ಹೋಗಬೇಕಿತ್ತು. ಎಷ್ಟೋ ಸಲ ಹೋಗುತ್ತಿದ್ದುದು ಕಂಡಕ್ಟರನ ಅಂಗಿಯ ಕಿಸೆಯಲ್ಲಿ. ಅಲ್ಲಿ ‘ಓದಲಿಕ್ಕೆ ಆಗುವುದಿಲ್ಲ ಮಾರಾಯ್ರೆ’ ಎಂದರೆ ಮರುದಿನದ ಬಸ್ಸಿಗೆ ವಾಪಸು.

ಯಂತ್ರಕ್ಕೆ ಈ ಅನುಮಾನ ಯಾಕೆ ಬೇಕಿತ್ತೆಂದರೆ, ಫ್ಲಾಪಿಯ ಯಾವ ಜಾಗದಲ್ಲಿ ಯಾವ ಕಡತ ಕೂತಿದೆ ಎಂಬ ಪಟ್ಟಿ ಆ ಫ್ಲಾಪಿಯಲ್ಲೇ ಇರುತ್ತದೆ. ಪ್ರತಿ ಸಲ ಅದನ್ನು ಓದುತ್ತ ಕೂತರೆ ಕೆಲಸ ಸಾಗದು. ಹಾಗಾಗಿ ಒಮ್ಮೆ ಓದಿ ನೆನಪಿನಲ್ಲಿಟ್ಟುಕೊಳ್ಳುತ್ತದೆ. ನಾವು ಮೆಲ್ಲಗೆ ಫ್ಲಾಪಿ ಬದಲಾಯಿಸಿದೆವು, ಅದಕ್ಕೆ ತಿಳಿಯಲಿಲ್ಲ ಎಂದಿಟ್ಟುಕೊಳ್ಳಿ. ಹಳೆಯ ಪಟ್ಟಿಯನ್ನೇ ಹೊಸ ಫ್ಲಾಪಿಯ ಮೇಲೆ ಬರೆದುಬಿಟ್ಟರೆ ಒಬ್ಬರ ಮದುವೆ ಕಾಗದದ ಜಾಗದಲ್ಲಿ ಇನ್ನೊಬ್ಬರ ಉತ್ತರಕ್ರಿಯೆಯ ಕಾಗದ ಬಂದು ಕೂರುತ್ತದೆ.

ಡಾಸ್‌ಗಿಂತ ಹಿರಿಯದಾದ, ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಪಟ್ಟಿಯ ಮೊತ್ತವನ್ನು ತಾಳೆ ನೋಡುತ್ತಿತ್ತು. ಲೆಕ್ಕ ತಪ್ಪಿದರೆ ‘ಇನ್ನು ಇದರ ಮೇಲೆ ಒಂದಕ್ಷರ ಬರೆಯುವುದಿಲ್ಲ’ ಎಂದು ಮುಷ್ಕರ ಹೂಡುತ್ತಿತ್ತು. ಕಂಟ್ರೋಲ್ ಮತ್ತು ಸಿ ಒತ್ತಿ ‘ಹೌದಪ್ಪ, ಬದಲಾಯಿಸಿದ್ದು ನಾನೇ’ ಎಂದು ಒಪ್ಪಿಸಬೇಕಿತ್ತು.

ನಾನು ಈ ವಿದ್ಯೆ ಕಲಿತದ್ದು ಸುಳ್ಯದಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಯೊಳಗೆ ಹೋಗಬೇಕಾದ ಕಾಲದಲ್ಲಿ. ಹಾರ್ಡ್‌ಡಿಸ್ಕ್ ಇಲ್ಲದ ಯಂತ್ರ. ಡಾಸ್‌ನ ಫ್ಲಾಪಿ ಹಾಕಿ ಎಬ್ಬಿಸಬೇಕು, ತೆಗೆದು ಟೈಪು ಮಾಡುವ ವರ್ಡ್‌ಸ್ಟಾರ್ ತಂತ್ರಾಂಶದ ಫ್ಲಾಪಿ ಹಾಕಬೇಕು. ಮುಗಿಸಿ ಹೊರಬಂದರೆ ‘ಮೊದಲಿನ ಫ್ಲಾಪಿ ಹಾಕಿ ಕೀಲಿ ಒತ್ತಿ’ ಎಂಬ ಆಜ್ಞೆ. ನಡುವೆ ಕರೆಂಟು ಹೋದರೆ ಮೊದಲಿನಿಂದ. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ನನ್ನ ಫ್ಲಾಪಿಗಳನ್ನು ಅಮ್ಮ ಹಪ್ಪಳದ ಡಬ್ಬಿಯಲ್ಲಿ ಇಟ್ಟುಬಿಟ್ಟಿದ್ದಳು. ಆ ಡಬ್ಬಿಯಲ್ಲೇ ‘ಸೇಡಿಯಾಪು’ ಕೂಡ ಇತ್ತು. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ದಕ್ಷಿಣ ಕನ್ನಡದ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದ ಕನ್ನಡ ತಂತ್ರಾಂಶವದು. ನನಗೆ ಸಿಕ್ಕಿದ್ದು ಯಾರೋ ನಕಲು ಮಾಡಿಕೊಟ್ಟದ್ದು. ಅದನ್ನು ನಾನು ಇನ್ಯಾರಿಗೋ ನಕಲು ಮಾಡಿಕೊಟ್ಟೆ. ಒಂದೇ ಡ್ರೈವಿನ ಯಂತ್ರದಲ್ಲಿ ನಕಲು ಎಂದರೆ ‘ಮೂಲ ಹಾಕಿ’, ‘ನಕಲು ಹಾಕಿ’, ಪುನಃ ‘ಮೂಲ ಹಾಕಿ’. ಎರಡು ಸೆಕೆಂಡಿನ ಕಾನೂನಿಗೆ ನನ್ನಿಂದ ಯಾವತ್ತೂ ಭಂಗ ಬರಲಿಲ್ಲ.

1984ರ ಐಬಿಎಂ ಪಿಸಿ/ಎಟಿ ಯಂತ್ರಕ್ಕೆ ಬರುವಾಗ ಡ್ರೈವಿಗೇ ಮಾತು ಬಂತು. ಮೂವತ್ತನಾಲ್ಕು ಎಳೆಗಳ ಚಪ್ಪಟೆ ಕೇಬಲಿನ ಕೊನೆಯ ಎಳೆಯಲ್ಲಿ ‘ಬಾಗಿಲು ತೆರೆದಿದೆ’ ಎಂಬ ಸುದ್ದಿ ಬರತೊಡಗಿತು. ತೆರೆದದ್ದು ಗೊತ್ತು, ಒಳಗೆ ಬಂದದ್ದು ಯಾರೆಂದು ಗೊತ್ತಿಲ್ಲ. ತೆಗೆದದ್ದನ್ನೇ ಮತ್ತೆ ಹಾಕಿರಲೂಬಹುದಲ್ಲ! ಅದಕ್ಕಾಗಿ 1988ರ ಡಾಸ್ 4.0 ಪ್ರತಿ ಫ್ಲಾಪಿಗೂ ಒಂದು ಕ್ರಮಸಂಖ್ಯೆ ಕೊಟ್ಟಿತು. ಅದು ಹುಟ್ಟುತ್ತಿದ್ದುದು ಫಾರ್ಮ್ಯಾಟ್ ಮಾಡಿದ ದಿನ ಮತ್ತು ಹೊತ್ತಿನಿಂದ, ಜಾತಕದ ಪದ್ಧತಿಯೇ. ವಿಂಡೋಸ್ 95 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಿಕ್ಕಿದ ಫ್ಲಾಪಿಯ ಮೊದಲ ಪುಟದಲ್ಲೇ ಹೇಳದೆ ಕೇಳದೆ ತನ್ನದೊಂದು ಗುರುತು ಗೀಚಿಬಿಡುತ್ತಿತ್ತು.

ಆ್ಯಪಲ್‌ನವರ ಮ್ಯಾಕಿಂಟಾಶ್ ಈ ತಂಟೆಯೇ ಬೇಡವೆಂದು ಫ್ಲಾಪಿ ಹೊರತೆಗೆಯುವ ಗುಂಡಿಯನ್ನೇ ಇಡಲಿಲ್ಲ. ಯಂತ್ರವನ್ನು ಕೇಳಿಯೇ ತೆಗೆಯಬೇಕು. ಹಟ ಮಾಡಿದರೆ ಪೇಪರ್ ಕ್ಲಿಪ್ ಬಿಡಿಸಿ ಸಣ್ಣ ತೂತಿಗೆ ಚುಚ್ಚಬೇಕು. 1985ರ ಅಮಿಗ ಕಂಪ್ಯೂಟರಿನದ್ದು ಬೇರೆ ದಾರಿ. ಹೊಸ ಫ್ಲಾಪಿ ಬಂತೋ ಎಂದು ತಿಳಿಯಲು ಅದರ ಡ್ರೈವು ಓದುವ ತಲೆಯನ್ನು ಒಂದು ಹೆಜ್ಜೆ ಅಲುಗಿಸಲೇಬೇಕು. ಆದ್ದರಿಂದ ಹಿನ್ನೆಲೆಯ ಪಹರೆಯೊಂದು ಎರಡು ಮೂರು ಸೆಕೆಂಡಿಗೊಮ್ಮೆ ತಲೆ ಅಲುಗಿಸಿ ನೋಡುತ್ತಿತ್ತು. ಖಾಲಿ ಡ್ರೈವು ದಿನವಿಡೀ ಟಕ್, ಟಕ್. ಆ ಸದ್ದು ತಡೆಯಲಾರದವರು ಅದನ್ನು ಸುಮ್ಮನಿರಿಸುವ ಪುಟ್ಟ ಪ್ರೋಗ್ರಾಮುಗಳನ್ನು ಬರೆದರು. ಐದೂಕಾಲು ಇಂಚಿನ ಡ್ರೈವು ಜೋಡಿಸಿಕೊಂಡವರಿಗೆ ಈ ಪಹರೆಯೂ ಇರಲಿಲ್ಲ. ಫ್ಲಾಪಿ ಬದಲಾಯಿಸಿದಾಗಲೆಲ್ಲ ‘ಡಿಸ್ಕ್‌ಚೇಂಜ್’ ಎಂದು ಟೈಪು ಮಾಡಿ ತಾವೇ ತಿಳಿಸಬೇಕು.

2011ರ ಮಾರ್ಚಿನಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಅಷ್ಟು ಹೊತ್ತಿಗೆ ನಾನು ಮರ್ಕಂಜ ಬಿಟ್ಟು ಬೆಂಗಳೂರು ಸೇರಿ ತುಂಬ ಕಾಲವಾಗಿತ್ತು. ಊರು ಬಿಟ್ಟವರ ತಲೆಯಲ್ಲೂ ಹೊರಡುವ ದಿನ ಓದಿಕೊಂಡ ಪಟ್ಟಿಯೊಂದು ಇರುತ್ತದೆ: ಯಾರ ತೋಟ ಎಲ್ಲಿ, ಯಾವ ತಿರುವಿನಲ್ಲಿ ಯಾರ ಅಂಗಡಿ. ನಾವು ಊರಿನ ಬಗ್ಗೆ ಮಾತಾಡುವುದು ಆ ಪಟ್ಟಿ ನೋಡಿಕೊಂಡೇ. ಫೋನಿನಲ್ಲಿ ‘ಆಚೆ ಮನೆಯವರ ಅಡಿಕೆ ಈ ಸಲ ಹೇಗುಂಟು?’ ಎಂದರೆ ಅಮ್ಮ ‘ಎಂತ ಅಡಿಕೆ? ಅಲ್ಲೀಗ ರಬ್ಬರ್ ಟ್ಯಾಪಿಂಗ್ ನಡೀತಾ ಉಂಟು’ ಎನ್ನುತ್ತಾಳೆ. ಅರಂತೋಡು, ಸಂಪಾಜೆ, ಮರ್ಕಂಜದ ಕಡೆಯ ಎಷ್ಟೋ ತೋಟಗಳನ್ನು ಹಳದಿ ಎಲೆ ರೋಗ ಹೀಗೆ ಬದಲಾಯಿಸಿದೆ. ನಾನು ಶಾಲೆಯಲ್ಲಿ ಕಲಿತಾಗ ಸುಬ್ರಹ್ಮಣ್ಯ ಇದ್ದದ್ದು ನಮ್ಮ ಸುಳ್ಯ ತಾಲೂಕಿನಲ್ಲಿ. ಈಗ ಅದು ಕಡಬಕ್ಕೆ ಸೇರಿದೆ. ದೇವರು ಅಲ್ಲೇ ಇದ್ದಾನೆ, ಪಟ್ಟಿ ಬದಲಾಗಿದೆ.

ಕಂಡದ್ದನ್ನು ಎಷ್ಟು ಹೊತ್ತು ನಂಬಬಹುದೆಂದು ಕೂತು ಲೆಕ್ಕ ಹಾಕಿದ ಆ ಡಾಸ್ ಹುಡುಗರ ಮೇಲೆ ನನಗೆ ಗೌರವ ಹುಟ್ಟಿದ್ದು ಇದರಿಂದಲೇ. ಈಗ ನಾನು ಊರಿನ ಬಗ್ಗೆ ಏನಾದರೂ ಬರೆಯುವ ಮೊದಲು ಅಮ್ಮನಿಗೆ ಫೋನು ಮಾಡುತ್ತೇನೆ.

‘ಮೊನ್ನೆ ಹೇಳಿದ್ದಲ್ವ?’

‘ಮೊನ್ನೆಯದ್ದು ಹಳತಾಯ್ತಲ್ಲಮ್ಮ.’

‘ಹಾಗಾದ್ರೆ ಫೋನಲ್ಲಿ ಎಂತ ಕೇಳುವುದು? ಒಮ್ಮೆ ಬಂದು ನೋಡಿ ಹೋಗು.’

ಅಮ್ಮ ಕಂಪ್ಯೂಟರ್ ಕಲಿತವಳಲ್ಲ, ಆದರೆ ಅಮಿಗದ ಪಕ್ಷದವಳು. ತಂತಿಯಲ್ಲಿ ಬಂದ ಸುದ್ದಿ ಅವಳಿಗೆ ಸಾಲದು, ತಲೆ ಒಂದಿಷ್ಟು ಅಲುಗಲೇಬೇಕು.